ಕಲ್ಲು, ಹಾಲು, ಅರಿಶಿನ: ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಮಾಣು ಮತ್ತು ಬಂಧಗಳ ಪರಿಚಯ

ದ್ರವ್ಯವೆಲ್ಲ ಪರಮಾಣುಗಳಿಂದ ಆಗಿದೆ. ಪರಮಾಣುಗಳು ಬಂಧಗಳಿಂದ ಕೂಡಿಕೊಂಡಿವೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರಿಗೆ ರಸಾಯನಶಾಸ್ತ್ರದಿಂದ ಮೊದಲು ಬೇಕಾಗುವುದು ಈ ಎರಡು ಮಾತು. ಇವು ಸರಿಯಾಗಿ ಮನಸ್ಸಿಗೆ ಇಳಿಯದಿದ್ದರೆ ಮುಂದೆ ಬರುವ ಪ್ರೋಟೀನ್, ಕಿಣ್ವ, ಡಿಎನ್‌ಎ, ಉಸಿರಾಟ ಎಲ್ಲವೂ ಬಾಯಿಪಾಠವಾಗಿಯೇ ಉಳಿಯುತ್ತವೆ.

ಹಾಸನ, ಸಾಲಗಾಮೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ವಿದ್ಯಾರ್ಥಿಗಳಿಗೆ ಈ ಪಾಠದ ಉದಾಹರಣೆಗಳು ಹತ್ತಿರದಲ್ಲೇ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ವಿಂಧ್ಯಗಿರಿಯ ಮೇಲೆ, ಸುಮಾರು 58 ಅಡಿ ಎತ್ತರದ ಗೊಮ್ಮಟೇಶ್ವರ ಮೂರ್ತಿ ನಿಂತಿದೆ. ಗಂಗರಸ ರಾಚಮಲ್ಲನ ಮಂತ್ರಿ ಚಾವುಂಡರಾಯ ಸುಮಾರು ಕ್ರಿ.ಶ. 981-983ರ ಹೊತ್ತಿಗೆ ಮಾಡಿಸಿದ ಈ ಏಕಶಿಲಾ ಮೂರ್ತಿಗೆ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 1981, 1993, 2006 ಮತ್ತು 2018ರಲ್ಲಿ ನಡೆದಿದ್ದನ್ನು ನೋಡಿದವರು ನಮ್ಮ ಮನೆಗಳಲ್ಲಿ ಅನೇಕರಿದ್ದಾರೆ. ನೀರು, ಎಳನೀರು, ಕಬ್ಬಿನ ರಸ, ಹಾಲು, ಅಕ್ಕಿ ಹಿಟ್ಟು, ಅರಿಶಿನ, ಶ್ರೀಗಂಧ ಒಂದಾದ ಮೇಲೊಂದು ಆ ಕಲ್ಲಿನ ಮೇಲೆ ಹರಿಯುತ್ತವೆ. ಸಾವಿರ ವರ್ಷ ಮಳೆ ಬಿಸಿಲಿಗೆ ಜಗ್ಗದ ಕಲ್ಲು ಒಂದು ಕಡೆ, ಒಂದು ರಾತ್ರಿ ಇಟ್ಟರೆ ಹುಳಿಯಾಗುವ ಹಾಲು ಇನ್ನೊಂದು ಕಡೆ. ಎರಡರಲ್ಲೂ ತೂಕದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಧಾತು ಆಕ್ಸಿಜನ್ ಒಂದೇ. ಹಾಗಿದ್ದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಯಾವ ಪರಮಾಣು ಇದೆ ಎನ್ನುವಷ್ಟೇ ಮುಖ್ಯವಾದದ್ದು ಅದು ಯಾರ ಜೊತೆ, ಯಾವ ಬಂಧದಿಂದ ಕೂಡಿದೆ ಎನ್ನುವುದು. ಈ ಲೇಖನದ ತಿರುಳು ಇದೇ.

ಅಣು, ಪರಮಾಣು, ಸ್ಕಂಧ: ಪದಗಳ ಗೊಂದಲ

ಕನ್ನಡದಲ್ಲಿ ವಿಜ್ಞಾನ ಓದುವ ಜೈನ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಪದಗಳದ್ದು. ಶಾಲೆಯ ಪಠ್ಯದಲ್ಲಿ ಪರಮಾಣು ಎಂದರೆ ಧಾತುವಿನ ಗುಣ ಉಳಿಸಿಕೊಂಡಿರುವ ಅತಿ ಚಿಕ್ಕ ಕಣ. ಎರಡು ಅಥವಾ ಹೆಚ್ಚು ಪರಮಾಣುಗಳು ಕೂಡಿ ಆದದ್ದು ಅಣು. ಆದರೆ ಪತ್ರಿಕೆಗಳಲ್ಲಿ ಬರುವ ‘ಅಣುಬಾಂಬ್’, ‘ಅಣುಶಕ್ತಿ’ ಎಂಬ ಮಾತುಗಳಲ್ಲಿ ‘ಅಣು’ ಎಂದರೆ ಪರಮಾಣುವೇ. ಪಾಠಶಾಲೆಯಲ್ಲಿ ತತ್ತ್ವಾರ್ಥಸೂತ್ರ ಕಲಿತವರಿಗೆ ಇವೇ ಪದಗಳು ಮೂರನೆಯ ಅರ್ಥದಲ್ಲಿ ಬಂದಿರುತ್ತವೆ.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಅಜೀವ ದ್ರವ್ಯಗಳನ್ನು ಕುರಿತದ್ದು. ಅಲ್ಲಿ ಪುದ್ಗಲಕ್ಕೆ ಸ್ಪರ್ಶ, ರಸ, ಗಂಧ, ವರ್ಣಗಳಿವೆ ಎಂದು ಹೇಳಿದೆ. ಪುದ್ಗಲ ಎರಡು ರೂಪದಲ್ಲಿದೆ: ಒಡೆಯಲಾಗದ ಅಣು, ಅಣುಗಳು ಕೂಡಿದ ಸ್ಕಂಧ. ಅಣುಗಳು ಕೂಡುವುದಕ್ಕೆ ಕಾರಣ ಸ್ನಿಗ್ಧ ಮತ್ತು ರೂಕ್ಷ ಎಂಬ ಗುಣಗಳು, ಅಂದರೆ ಅಂಟುವ ಗುಣ ಮತ್ತು ಒರಟು ಗುಣ. ಎಷ್ಟು ಪ್ರಮಾಣದ ಗುಣವಿದ್ದರೆ ಬಂಧವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬ ನಿಯಮಗಳೂ ಅಲ್ಲೇ ಇವೆ.

ಇದನ್ನು ಓದಿದಾಗ ‘ಇಂದಿನ ಪರಮಾಣು ಸಿದ್ಧಾಂತವೆಲ್ಲ ನಮ್ಮಲ್ಲೇ ಇತ್ತು’ ಎನ್ನುವ ಆಸೆ ಹುಟ್ಟುವುದು ಸಹಜ. ಆದರೆ ಎರಡನ್ನೂ ಒಂದೇ ಎಂದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ. ಜೈನ ಪರಮಾಣು ಇನ್ನು ಒಡೆಯಲಾಗದ್ದು. ರಸಾಯನಶಾಸ್ತ್ರದ ಪರಮಾಣುವನ್ನು ಒಡೆಯಬಹುದು, ಅದರೊಳಗೆ ಬೀಜಕೇಂದ್ರ, ಎಲೆಕ್ಟ್ರಾನುಗಳಿವೆ. ಜೈನ ಪರಮಾಣುಗಳು ಮೂಲದಲ್ಲಿ ಒಂದೇ ಜಾತಿಯವು, ನೀರಿನ ಪರಮಾಣು ಬೇರೆ ಮಣ್ಣಿನ ಪರಮಾಣು ಬೇರೆ ಎಂಬ ಭೇದ ಅಲ್ಲಿಲ್ಲ; ರಸಾಯನಶಾಸ್ತ್ರದಲ್ಲಿ 118 ಧಾತುಗಳಿಗೆ 118 ಬಗೆಯ ಪರಮಾಣುಗಳಿವೆ. ಒಂದು ದರ್ಶನದ ವಿಚಾರದಿಂದ ಬಂದದ್ದು, ಇನ್ನೊಂದು ತಕ್ಕಡಿ ಮತ್ತು ಪ್ರಯೋಗದಿಂದ ಬಂದದ್ದು. ವಸ್ತುವಿನ ಗುಣ ತಿಳಿಯಬೇಕಾದರೆ ಕಣಗಳು ಹೇಗೆ ಬಂಧಗೊಳ್ಳುತ್ತವೆ ಎಂದು ಕೇಳಬೇಕು ಎನ್ನುವ ಪ್ರಶ್ನೆ ಮಾತ್ರ ಎರಡರಲ್ಲೂ ಇದೆ. ಪರೀಕ್ಷೆಯಲ್ಲಿ ಬರೆಯುವಾಗ ಪಠ್ಯದ ಅರ್ಥವನ್ನೇ ಹಿಡಿಯಬೇಕು. ಈ ಲೇಖನದಲ್ಲಿ ಇನ್ನು ಮುಂದೆ ಬರುವ ‘ಪರಮಾಣು’, ‘ಅಣು’, ‘ಬಂಧ’ ಪದಗಳೂ ಪಠ್ಯದ ಅರ್ಥದವೇ.

ಭೂಮಿಯ ಧಾತುಗಳು, ದೇಹದ ಧಾತುಗಳು

ತೂಕದ ಲೆಕ್ಕದಲ್ಲಿ ಭೂಮಿಯ ಹೊರಪದರದ ಶೇ 46ರಷ್ಟು ಆಕ್ಸಿಜನ್, ಶೇ 28ರಷ್ಟು ಸಿಲಿಕಾನ್, ಶೇ 8ರಷ್ಟು ಅಲ್ಯೂಮಿನಿಯಂ. ನಮ್ಮ ದೇಹದಲ್ಲಿ ಶೇ 65ರಷ್ಟು ಆಕ್ಸಿಜನ್, ಶೇ 18ರಷ್ಟು ಕಾರ್ಬನ್, ಶೇ 10ರಷ್ಟು ಹೈಡ್ರೋಜನ್, ಶೇ 3ರಷ್ಟು ನೈಟ್ರೋಜನ್. ಉಳಿದದ್ದರಲ್ಲಿ ಕ್ಯಾಲ್ಸಿಯಂ ಶೇ 1.5, ಫಾಸ್ಫರಸ್ ಶೇ 1. ಪೊಟ್ಯಾಸಿಯಂ, ಗಂಧಕ, ಸೋಡಿಯಂ, ಕ್ಲೋರಿನ್, ಮೆಗ್ನೀಸಿಯಂ ಇನ್ನೂ ಕಡಿಮೆ. ಕಬ್ಬಿಣ, ಸತು, ಅಯೋಡಿನ್ ಅತ್ಯಲ್ಪ. ಆದರೆ ಇವು ಇಲ್ಲದಿದ್ದರೆ ರಕ್ತವೂ ಇಲ್ಲ, ಥೈರಾಯ್ಡ್ ಕೆಲಸವೂ ಇಲ್ಲ.

ಜೀವಿಗಳಿಗೆಂದೇ ಬೇರೆ ಧಾತು ಇಲ್ಲ. ಮಣ್ಣಿನಲ್ಲಿ, ಗಾಳಿಯಲ್ಲಿ, ನೀರಿನಲ್ಲಿ ಇರುವ ಧಾತುಗಳೇ ದೇಹದಲ್ಲೂ ಇವೆ. ಪ್ರಮಾಣ ಬೇರೆ, ಜೋಡಣೆ ಬೇರೆ.

ಪರಮಾಣುವಿನ ಒಳಗೆ

ಜಾನ್ ಡಾಲ್ಟನ್ 1808ರಲ್ಲಿ ಪರಮಾಣು ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದಾಗ ಪರಮಾಣು ಒಡೆಯಲಾಗದ ಗುಂಡು ಎಂದೇ ತಿಳಿಯಲಾಗಿತ್ತು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನೂ 1911ರಲ್ಲಿ ರುದರ್‌ಫೋರ್ಡ್ ಬೀಜಕೇಂದ್ರವನ್ನೂ 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನೂ ಕಂಡುಹಿಡಿದ ಮೇಲೆ ಚಿತ್ರ ಬದಲಾಯಿತು. ಮಧ್ಯದಲ್ಲಿ ಧನ ಆವೇಶದ ಪ್ರೋಟಾನುಗಳು, ಆವೇಶವಿಲ್ಲದ ನ್ಯೂಟ್ರಾನುಗಳು. ಸುತ್ತ ಋಣ ಆವೇಶದ ಎಲೆಕ್ಟ್ರಾನುಗಳು. ಪ್ರೋಟಾನುಗಳ ಸಂಖ್ಯೆಯೇ ಪರಮಾಣು ಸಂಖ್ಯೆ: ಹೈಡ್ರೋಜನ್ 1, ಕಾರ್ಬನ್ 6, ನೈಟ್ರೋಜನ್ 7, ಆಕ್ಸಿಜನ್ 8, ಸೋಡಿಯಂ 11, ಸಿಲಿಕಾನ್ 14, ಕ್ಲೋರಿನ್ 17.

ಬಂಧದ ಮಟ್ಟಿಗೆ ಮುಖ್ಯವಾದದ್ದು ಹೊರಕವಚದ ಎಲೆಕ್ಟ್ರಾನುಗಳು. ಕಾರ್ಬನ್ನಿನಲ್ಲಿ ಎಲೆಕ್ಟ್ರಾನುಗಳ ಹಂಚಿಕೆ 2, 4; ಆಕ್ಸಿಜನ್ನಿನಲ್ಲಿ 2, 6; ಸೋಡಿಯಂನಲ್ಲಿ 2, 8, 1; ಸಿಲಿಕಾನಿನಲ್ಲಿ 2, 8, 4; ಕ್ಲೋರಿನ್ನಿನಲ್ಲಿ 2, 8, 7. ಹೊರಕವಚದಲ್ಲಿ ಎಂಟು ಇದ್ದರೆ (ಹೈಡ್ರೋಜನ್ನಿಗೆ ಎರಡು) ಪರಮಾಣು ಸ್ಥಿರ. ಇಲ್ಲದಿದ್ದರೆ ಕೊಡುತ್ತದೆ, ತೆಗೆದುಕೊಳ್ಳುತ್ತದೆ, ಇಲ್ಲವೇ ಹಂಚಿಕೊಳ್ಳುತ್ತದೆ. ಬಂಧಗಳ ಬಗೆಗಳು ಹುಟ್ಟುವುದು ಇಲ್ಲಿಂದ.

ಸಹವೇಲೆನ್ಸೀಯ ಬಂಧ: ಬೆಟ್ಟದ ಕಲ್ಲೂ ಬಿಡುವ ಉಸಿರೂ

ಎರಡು ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡರೆ ಅದು ಸಹವೇಲೆನ್ಸೀಯ ಬಂಧ. ಈ ಹಂಚಿಕೆಯ ಕಲ್ಪನೆಯನ್ನು 1916ರಲ್ಲಿ ಕೊಟ್ಟವರು ಗಿಲ್ಬರ್ಟ್ ಲೂಯಿಸ್.

ಗ್ರಾನೈಟ್ ಮುಖ್ಯವಾಗಿ ಮೂರು ಖನಿಜಗಳ ಕೂಟ: ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. ಇದರಲ್ಲಿ ಬೆಣಚು ಎಂದರೆ ಸಿಲಿಕಾನ್ ಮತ್ತು ಆಕ್ಸಿಜನ್ ಮಾತ್ರ. ಒಂದೊಂದು ಸಿಲಿಕಾನ್ ನಾಲ್ಕು ಆಕ್ಸಿಜನ್ನುಗಳ ಕೈ ಹಿಡಿದಿದೆ. ಒಂದೊಂದು ಆಕ್ಸಿಜನ್ ಎರಡು ಸಿಲಿಕಾನುಗಳ ಕೈ ಹಿಡಿದಿದೆ. ಈ ಬಲೆಗೆ ಕೊನೆಯೇ ಇಲ್ಲ. ಬೆಣಚಿನ ಒಂದು ಹರಳಿನಲ್ಲಿ ಈ ತುದಿಯಿಂದ ಆ ತುದಿಯವರೆಗೂ ಅದೇ ಬಲೆ. ಒಂದು ಮೋಲ್ ಸಿಲಿಕಾನ್-ಆಕ್ಸಿಜನ್ ಬಂಧ ಮುರಿಯಲು ಸುಮಾರು 450 ಕಿಲೋಜೌಲ್ ಬೇಕು. ಆದ್ದರಿಂದಲೇ ಬೆಣಚು ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕಾಗುತ್ತದೆ, ನೀರಿನಲ್ಲಿ ಅದು ಬಹುಮಟ್ಟಿಗೆ ಕರಗುವುದೇ ಇಲ್ಲ.

ಈಗ ಆವರ್ತಕ ಕೋಷ್ಟಕದಲ್ಲಿ ಸಿಲಿಕಾನಿನ ತಲೆಯ ಮೇಲೆಯೇ ಕೂತಿರುವ ಕಾರ್ಬನ್ನನ್ನು ನೋಡಿ. ಅದಕ್ಕೂ ನಾಲ್ಕು ಕೈ. ಅದೂ ಆಕ್ಸಿಜನ್ನಿನ ಜೊತೆ ಅದೇ 1:2 ಪ್ರಮಾಣದಲ್ಲಿ ಕೂಡುತ್ತದೆ. ಆದರೆ ಕಾರ್ಬನ್ ಎರಡು ಆಕ್ಸಿಜನ್ನುಗಳ ಜೊತೆ ದ್ವಿಬಂಧ ಮಾಡಿಕೊಂಡು ತನ್ನ ನಾಲ್ಕು ಕೈಯನ್ನೂ ಮುಗಿಸಿಬಿಡುತ್ತದೆ. ಬಲೆ ಮುಂದುವರಿಯುವುದಿಲ್ಲ, ಬಿಡಿಬಿಡಿ ಅಣುಗಳಾಗುತ್ತವೆ. ಅದು ಕಾರ್ಬನ್ ಡೈಆಕ್ಸೈಡ್, ನಾವು ಬಿಡುವ ಉಸಿರಿನಲ್ಲಿರುವ ಅನಿಲ. ಒಂದೇ ಕುಟುಂಬದ ಎರಡು ಧಾತುಗಳು, ಒಂದೇ ಪ್ರಮಾಣದ ಆಕ್ಸಿಜನ್. ಬಂಧದ ರೀತಿ ಬೇರೆಯಾದದ್ದರಿಂದ ಒಂದು ಬೆಟ್ಟವಾಯಿತು, ಇನ್ನೊಂದು ಗಾಳಿಯಾಯಿತು. ಜೀವಕೋಶ ಸಕ್ಕರೆಯನ್ನು ಉರಿಸಿದಾಗ ಬರುವ ತ್ಯಾಜ್ಯ ಕಲ್ಲಾಗಿದ್ದರೆ ಉಸಿರಾಟವೇ ಸಾಧ್ಯವಿರಲಿಲ್ಲ.

ಕಾರ್ಬನ್ ಪರಮಾಣುಗಳು ತಮ್ಮ ತಮ್ಮಲ್ಲೇ ಉದ್ದ ಸರಪಳಿ, ಕವಲು, ಉಂಗುರಗಳಾಗಿ ಕೂಡಬಲ್ಲವು. ಸಿಲಿಕಾನ್-ಸಿಲಿಕಾನ್ ಬಂಧಕ್ಕಿಂತ ಕಾರ್ಬನ್-ಕಾರ್ಬನ್ ಬಂಧ ಗಟ್ಟಿ. ಜೀವದ ಅಣುಗಳು ಕಾರ್ಬನ್ನಿನ ಬೆನ್ನೆಲುಬಿನ ಮೇಲೆ ನಿಂತಿರುವುದಕ್ಕೆ ಇದು ಮುಖ್ಯ ಕಾರಣ.

ಅಯಾನಿಕ ಬಂಧ: ಉಪ್ಪು, ಎಳನೀರು, ರಾಗಿ

ಸೋಡಿಯಂ ತನ್ನ ಹೊರಕವಚದ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟುಬಿಡುತ್ತದೆ. ಕೊಟ್ಟದ್ದು ಧನ ಅಯಾನು, ತೆಗೆದುಕೊಂಡದ್ದು ಋಣ ಅಯಾನು. ವಿರುದ್ಧ ಆವೇಶಗಳ ಸೆಳೆತವೇ ಅಯಾನಿಕ ಬಂಧ. ಅಡುಗೆ ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದು ಕ್ಲೋರೈಡ್ ಸುತ್ತ ಆರು ಸೋಡಿಯಂ ಇರುತ್ತವೆ. ಆದ್ದರಿಂದ ‘ಉಪ್ಪಿನ ಅಣು’ ಎನ್ನುವುದು ಸರಿಯಲ್ಲ. ಅಲ್ಲಿ ಬಿಡಿ ಅಣುವೇ ಇಲ್ಲ.

ನೀರಿಗೆ ಹಾಕಿದ ಕೂಡಲೇ ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದು ಬಿಡಿಸಿಕೊಂಡು ಹೋಗುತ್ತವೆ. ದೇಹದಲ್ಲಿ ಕೆಲಸ ಮಾಡುವುದು ಹೀಗೆ ಬಿಡಿಯಾದ ಅಯಾನುಗಳೇ. ನರದಲ್ಲಿ ಸಂದೇಶ ಹರಿಯುವುದು ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಕೋಶಪೊರೆಯನ್ನು ದಾಟುವುದರಿಂದ. ಸ್ನಾಯು ಸಂಕುಚಿಸುವುದಕ್ಕೆ ಕ್ಯಾಲ್ಸಿಯಂ ಅಯಾನು ಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ವಾಂತಿ ಭೇದಿಯಾದಾಗ ಎಳನೀರೊಂದನ್ನೇ ನಂಬದೆ ಉಪ್ಪು ಸಕ್ಕರೆಯ ಓಆರ್‌ಎಸ್ ಕೊಡಬೇಕು ಎಂದು ವೈದ್ಯರು ಹೇಳುವುದಕ್ಕೆ ಇದೇ ಕಾರಣ. ಮೂತ್ರಪಿಂಡದ ತೊಂದರೆ ಇರುವವರು ಎಳನೀರಿನ ವಿಷಯದಲ್ಲಿ ಎಚ್ಚರವಾಗಿರಬೇಕಾದದ್ದೂ ಆ ಪೊಟ್ಯಾಸಿಯಂನಿಂದಲೇ. ನಮ್ಮ ಹೊಲದ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಇಲ್ಲೆಲ್ಲ ಇರುವುದು ಲೋಹರೂಪದ ಕ್ಯಾಲ್ಸಿಯಂ ಅಲ್ಲ, ಎರಡು ಎಲೆಕ್ಟ್ರಾನು ಕಳೆದುಕೊಂಡ ಕ್ಯಾಲ್ಸಿಯಂ ಅಯಾನು.

ಹೈಡ್ರೋಜನ್ ಬಂಧ: ನೀರು, ತೆಂಗಿನ ಮರ, ಡಿಎನ್‌ಎ

ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್ ಒಂದು ಆಕ್ಸಿಜನ್ನಿಗೆ 104.5 ಡಿಗ್ರಿ ಕೋನದಲ್ಲಿ ಕೂಡಿವೆ. ಹಂಚಿಕೊಂಡ ಎಲೆಕ್ಟ್ರಾನುಗಳನ್ನು ಆಕ್ಸಿಜನ್ ತನ್ನ ಕಡೆಗೆ ಹೆಚ್ಚು ಎಳೆದುಕೊಳ್ಳುತ್ತದೆ. ಹೀಗಾಗಿ ಆಕ್ಸಿಜನ್ ಬದಿ ಸ್ವಲ್ಪ ಋಣ, ಹೈಡ್ರೋಜನ್ ಬದಿ ಸ್ವಲ್ಪ ಧನ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನನ್ನು ಸೆಳೆಯುವುದೇ ಹೈಡ್ರೋಜನ್ ಬಂಧ. ಅಣುವಿನ ಒಳಗಿನ ಆಕ್ಸಿಜನ್-ಹೈಡ್ರೋಜನ್ ಬಂಧ ಮುರಿಯಲು ಮೋಲಿಗೆ ಸುಮಾರು 460 ಕಿಲೋಜೌಲ್ ಬೇಕು. ಅಣುಗಳ ನಡುವಿನ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು.

ಒಂದೊಂದಾಗಿ ದುರ್ಬಲ, ಒಟ್ಟಾಗಿ ಬಲ. ಎತ್ತರದ ನಾಡತೆಂಗಿನ ಮರ ಬೇರಿನಿಂದ ತುದಿಯ ಗರಿಯವರೆಗೆ ನೀರೆಳೆಯುವುದಕ್ಕೆ ಪಂಪಿಲ್ಲ. ಗರಿಯಿಂದ ನೀರು ಆವಿಯಾದಂತೆ, ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಅಂಟಿಕೊಂಡ ನೀರಿನ ಎಳೆ ಹಗ್ಗದಂತೆ ಮೇಲಕ್ಕೆ ಎಳೆಯಲ್ಪಡುತ್ತದೆ. ಡಿಎನ್‌ಎಯ ಎರಡು ಎಳೆಗಳನ್ನು ಹಿಡಿದಿರುವುದರಲ್ಲಿಯೂ ಇದೇ ಬಂಧದ ಪಾತ್ರವಿದೆ: ಅಡೆನಿನ್-ಥೈಮಿನ್ ನಡುವೆ ಎರಡು, ಗ್ವಾನಿನ್-ಸೈಟೋಸಿನ್ ನಡುವೆ ಮೂರು. ಎಳೆಯ ಉದ್ದಕ್ಕೂ ಇರುವುದು ಗಟ್ಟಿ ಸಹವೇಲೆನ್ಸೀಯ ಬಂಧ, ಎಳೆಗಳ ನಡುವೆ ಇರುವುದು ಬಿಚ್ಚಲು ಬರುವ ಬಂಧ. ಅಕ್ಷರಗಳು ಅಳಿಸದೆ ಪುಸ್ತಕ ತೆರೆಯಲು ಬರುವುದು ಇದರಿಂದ.

ಸೋಸಿದ ನೀರು, ಕಾಯಿಸಿದ ನೀರು

ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿಯುವ ಆಚಾರ ನಮ್ಮ ಮನೆಗಳಲ್ಲಿ ಇದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಈ ಎರಡು ಕೆಲಸ ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂದು ತಿಳಿದಿರಬೇಕು.

ಬಟ್ಟೆ ಹುಳು, ಮೊಟ್ಟೆ, ಕಸವನ್ನು ತಡೆಯುತ್ತದೆ. ಒಂದೆರಡು ಮೈಕ್ರೋಮೀಟರ್ ಗಾತ್ರದ ಬಿಡಿ ಬ್ಯಾಕ್ಟೀರಿಯಾ ಅದರಲ್ಲಿ ನುಸುಳಬಲ್ಲದು. ಆದರೂ ಬ್ಯಾಕ್ಟೀರಿಯಾ ದೊಡ್ಡ ಜೀವಿಗಳಿಗೆ ಅಂಟಿಕೊಂಡಿದ್ದರೆ ಬಟ್ಟೆ ಅದನ್ನೂ ತಡೆಯುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯ ಬಟ್ಟೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಸುಮಾರು ಶೇ 48ರಷ್ಟು ಕಡಿಮೆಯಾಯಿತು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಕಾಯಿಸುವುದು ಉಳಿದ ಕೆಲಸ ಮಾಡುತ್ತದೆ. ಬಿಸಿಗೆ ಸೂಕ್ಷ್ಮಜೀವಿಗಳ ಪ್ರೋಟೀನುಗಳನ್ನು ಆಕಾರದಲ್ಲಿ ಹಿಡಿದಿದ್ದ ದುರ್ಬಲ ಬಂಧಗಳು ಬಿಚ್ಚಿಹೋಗಿ ಅವು ಸಾಯುತ್ತವೆ. ಆದರೆ ನೀರು ಕುದ್ದಾಗ ನೀರಿನ ಅಣು ಒಡೆಯುವುದಿಲ್ಲ. ಅಣುಗಳ ನಡುವಿನ ಬಂಧ ಬಿಟ್ಟು ಅವು ಆವಿಯಾಗುತ್ತವೆ. ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾತ್ರ ಕಾರ್ಬೊನೇಟ್ ಆಗಿ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಹೆಚ್ಚಿದ್ದರೆ ಸೋಸಿದರೂ ಹೋಗದು, ಕಾಯಿಸಿದರೂ ಹೋಗದು. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಅದಕ್ಕೆ ನೀರಿನ ಪರೀಕ್ಷೆಯೇ ಬೇಕು, ಬೇರೆ ಬಗೆಯ ಶುದ್ಧೀಕರಣವೇ ಬೇಕು.

ವ್ಯಾನ್ ಡರ್ ವಾಲ್ಸ್ ಬಲ: ಬಳಪದ ಕಲ್ಲು ಮತ್ತು ತುಪ್ಪ

ಹಾಸನ ಜಿಲ್ಲೆಯಲ್ಲೇ ಇನ್ನೊಂದು ಬಗೆಯ ಕಲ್ಲಿನ ಕೆಲಸವಿದೆ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿರುವ, 1133ರ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ನಯವಾಗಿವೆ. ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಇದರಲ್ಲೂ ಸಿಲಿಕಾನ್-ಆಕ್ಸಿಜನ್ ಬಂಧಗಳೇ ಇವೆ. ಆದರೆ ಇಲ್ಲಿನ ಟಾಲ್ಕ್ ಖನಿಜದಲ್ಲಿ ಅವು ಹಾಳೆಹಾಳೆಯಾಗಿ ಹರಡಿವೆ. ಹಾಳೆಯೊಳಗಿನ ಬಂಧ ಗಟ್ಟಿ, ಹಾಳೆಗಳ ನಡುವೆ ಇರುವುದು ವ್ಯಾನ್ ಡರ್ ವಾಲ್ಸ್ ಎಂಬ ದುರ್ಬಲ ಸೆಳೆತ. ಆದ್ದರಿಂದ ಹಾಳೆಗಳು ಜಾರುತ್ತವೆ, ಉಗುರಿಗೂ ಗೀರು ಬೀಳುತ್ತದೆ. ಖನಿಜಗಳ ಗಡಸುತನದ ಮೋಸ್ ಅಳತೆಯಲ್ಲಿ ಟಾಲ್ಕ್ 1, ಬೆಣಚು 7. ಹಳೇಬೀಡಿನ ಕೂದಲೆಳೆಯಂಥ ಕುಸುರಿಗೂ ಶ್ರವಣಬೆಳಗೊಳದ ವಿಶಾಲ ಸರಳ ರೂಪಕ್ಕೂ ಇರುವ ಅಂತರದಲ್ಲಿ ಶಿಲ್ಪಿಗಳ ಕಾಲ, ಶೈಲಿ, ಉದ್ದೇಶಗಳ ಜೊತೆಗೆ ಈ ಬಂಧದ ವ್ಯತ್ಯಾಸವೂ ಸೇರಿದೆ.

ಎಣ್ಣೆ, ತುಪ್ಪದ ಅಣುಗಳಲ್ಲಿ ಉದ್ದನೆಯ ಕಾರ್ಬನ್-ಹೈಡ್ರೋಜನ್ ಸರಪಳಿಗಳಿವೆ. ಅವುಗಳಲ್ಲಿ ಧನ-ಋಣ ಬದಿಗಳಿಲ್ಲದ ಕಾರಣ ನೀರು ಅವನ್ನು ಸೇರಿಸಿಕೊಳ್ಳುವುದಿಲ್ಲ. ಅವು ಇಂಥದೇ ದುರ್ಬಲ ಸೆಳೆತದಿಂದ ತಮ್ಮಲ್ಲೇ ಕೂಡುತ್ತವೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳುವುದು ಈ ನಿಯಮದಿಂದಲೇ: ನೀರಿಗೆ ಹೋಗದ ಮೇಣ ಎಣ್ಣೆಗೆ ಬಿಡುತ್ತದೆ. ಪ್ರತಿ ಜೀವಕೋಶದ ಪೊರೆಯೂ ನೀರಿಗೆ ಮುಖ ಮಾಡಿದ ತಲೆ, ನೀರಿನಿಂದ ಮುಖ ತಿರುಗಿಸಿದ ಬಾಲ ಇರುವ ಲಿಪಿಡ್ ಅಣುಗಳ ಎರಡು ಪದರ.

ಹಾಲು, ಕಬ್ಬಿನ ರಸ, ಅಕ್ಕಿ ಹಿಟ್ಟು, ಅರಿಶಿನ

ಹಾಲಿನಲ್ಲಿ ಸುಮಾರು ಶೇ 87 ನೀರು. ಉಳಿದದ್ದು ಲ್ಯಾಕ್ಟೋಸ್ ಸಕ್ಕರೆ, ಕೊಬ್ಬು, ಪ್ರೋಟೀನ್, ಲವಣಗಳು. ಕೊಬ್ಬಿನ ಹನಿಗಳೂ ಕೇಸೀನ್ ಪ್ರೋಟೀನಿನ ಸಣ್ಣ ಉಂಡೆಗಳೂ ಬೆಳಕನ್ನು ಚದುರಿಸುವುದರಿಂದ ಹಾಲು ಬಿಳಿ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಹಾಲಿನ ಪಿಎಚ್ 6.6ರಿಂದ 4.6ರ ಹತ್ತಿರ ಇಳಿದಾಗ ಕೇಸೀನ್ ಉಂಡೆಗಳು ಒಂದನ್ನೊಂದು ದೂಡುವ ಆವೇಶ ಕಳೆದುಕೊಂಡು ಕೂಡಿ ಮೊಸರಾಗುತ್ತದೆ.

ಕಬ್ಬಿನ ರಸದ ಸಕ್ಕರೆ ಸುಕ್ರೋಸ್: ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಗ್ಲೈಕೋಸಿಡಿಕ್ ಬಂಧದಿಂದ ಕೂಡಿವೆ. ಸಕ್ಕರೆ ನೀರಿನಲ್ಲಿ ಕರಗಿದಾಗ ಈ ಬಂಧ ಮುರಿಯುವುದಿಲ್ಲ; ಕರುಳಿನಲ್ಲಿ ಕಿಣ್ವ ಒಂದು ನೀರಿನ ಅಣುವನ್ನು ಸೇರಿಸಿ ಅದನ್ನು ಮುರಿಯುತ್ತದೆ. ಮೊದಲನೆಯದು ಭೌತಿಕ ಬದಲಾವಣೆ, ಎರಡನೆಯದು ರಾಸಾಯನಿಕ.

ಅಕ್ಕಿ ಹಿಟ್ಟಿನ ಪಿಷ್ಟ ಗ್ಲೂಕೋಸ್ ಸರಪಳಿ. ಭತ್ತದ ಹುಲ್ಲಿನ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಸರಪಳಿಯೇ. ಪಿಷ್ಟದಲ್ಲಿ ಆಲ್ಫಾ ಬಂಧ, ಸೆಲ್ಯುಲೋಸಿನಲ್ಲಿ ಬೀಟಾ ಬಂಧ. ಬಂಧದ ದಿಕ್ಕು ಮಾತ್ರ ಬೇರೆ. ಅಷ್ಟಕ್ಕೇ ಅನ್ನ ನಮಗೆ ಆಹಾರವಾಯಿತು, ಹುಲ್ಲು ಆಗಲಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿ ಬೀಟಾ ಬಂಧ ಮುರಿಯುವ ಕಿಣ್ವವಿದೆ, ನಮ್ಮಲ್ಲಿಲ್ಲ. ಪಿಷ್ಟದ ಅಯೋಡಿನ್ ಪರೀಕ್ಷೆಗೆ ಆಲೂಗಡ್ಡೆಯೇ ಬೇಕೆಂದಿಲ್ಲ. ತಣಿದ ಅನ್ನದ ಗಂಜಿಯಲ್ಲೂ ಅದೇ ಕಡುನೀಲಿ ಬರುತ್ತದೆ.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್. ಇದು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದು ಆರತಿ ಮಾಡುವ ಪ್ರತಿ ಮನೆಗೂ ಗೊತ್ತು. ಸುಣ್ಣದ ಕ್ಷಾರ ಕರ್ಕ್ಯುಮಿನ್ನಿನಿಂದ ಹೈಡ್ರೋಜನ್ ಅಯಾನನ್ನು ಕಿತ್ತುಕೊಳ್ಳುತ್ತದೆ. ಅಣುವಿನ ಎಲೆಕ್ಟ್ರಾನುಗಳ ಹರಡಿಕೆ ಬದಲಾಗಿ ಅದು ಹೀರುವ ಬೆಳಕೂ ಬದಲಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆಮ್ಲ, ಕ್ಷಾರ, ಸೂಚಕ ಮೂರನ್ನೂ ಅಡುಗೆಮನೆಯಲ್ಲೇ ನೋಡಬಹುದು.

ಬಂಧ ಮತ್ತು ಶಕ್ತಿ

‘ಬಂಧದಲ್ಲಿ ಶಕ್ತಿ ತುಂಬಿರುತ್ತದೆ, ಮುರಿದಾಗ ಹೊರಬರುತ್ತದೆ’ ಎಂಬ ಮಾತು ಅನೇಕ ನೋಟ್ಸುಗಳಲ್ಲಿ ಕಾಣುತ್ತದೆ. ಇದು ತಪ್ಪು. ಯಾವ ಬಂಧವನ್ನೇ ಮುರಿಯಲಿ, ಶಕ್ತಿ ಕೊಡಬೇಕು. ಬಂಧ ಉಂಟಾದಾಗ ಶಕ್ತಿ ಬಿಡುಗಡೆಯಾಗುತ್ತದೆ. ಗ್ಲೂಕೋಸ್ ಉರಿದಾಗ ಮೋಲಿಗೆ ಸುಮಾರು 2,800 ಕಿಲೋಜೌಲ್ ಸಿಗುವುದು ಗ್ಲೂಕೋಸಿನ ಮತ್ತು ಆಕ್ಸಿಜನ್ನಿನ ಬಂಧ ಮುರಿಯಲು ಕೊಟ್ಟದ್ದಕ್ಕಿಂತ, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಗಟ್ಟಿ ಬಂಧಗಳು ಉಂಟಾದಾಗ ಬಂದದ್ದು ಹೆಚ್ಚಾದ್ದರಿಂದ. ಎಟಿಪಿಯ ಲೆಕ್ಕವೂ ಹಾಗೆಯೇ: ಅದು ನೀರಿನ ಜೊತೆ ವರ್ತಿಸಿ ಎಡಿಪಿ ಮತ್ತು ಫಾಸ್ಫೇಟ್ ಆಗುವಾಗ ಹೊಸ ಜೋಡಣೆ ಹೆಚ್ಚು ಸ್ಥಿರವಾಗಿರುವುದರಿಂದ ಮೋಲಿಗೆ ಸುಮಾರು 30 ಕಿಲೋಜೌಲ್ ಲಭ್ಯವಾಗುತ್ತದೆ.

ಕಲ್ಲು ಸವೆಯುವುದು ಹೇಗೆ, ಬಸದಿಯಲ್ಲಿ ಏನು ಎಚ್ಚರ

ಗ್ರಾನೈಟ್ ಶಾಶ್ವತವಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಮಳೆನೀರು ಸಹಜವಾಗಿಯೇ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5.6. ಅದರ ಹೈಡ್ರೋಜನ್ ಅಯಾನು ಫೆಲ್ಡ್‌ಸ್ಪಾರಿನ ಪೊಟ್ಯಾಸಿಯಂ ಅಯಾನನ್ನು ಸ್ಥಳ ಬಿಡಿಸುತ್ತದೆ; ಫೆಲ್ಡ್‌ಸ್ಪಾರ್ ಬಹಳ ನಿಧಾನವಾಗಿ ಜೇಡಿಯಾಗುತ್ತದೆ. ಬೆಟ್ಟಗಳು ಮಣ್ಣಾಗುವುದು ಹೀಗೆ. ಹಾಗೆ ಬಿಡುಗಡೆಯಾದ ಪೊಟ್ಯಾಸಿಯಂ ಮಣ್ಣಿಗೆ ಸೇರಿ ತೆಂಗಿನ ಬೇರಿಗೆ ಸಿಗುತ್ತದೆ. ಕಲ್ಲಿಗೆ ನಷ್ಟವಾದದ್ದು ಎಳನೀರಿಗೆ ಲಾಭ.

ಕಲ್ಲಿನ ಬಿರುಕಿನಲ್ಲಿ ಹಾಲು, ಸಕ್ಕರೆ ಉಳಿದರೆ ಸೂಕ್ಷ್ಮಜೀವಿಗಳು ಬೆಳೆದು ಆಮ್ಲ ಉಂಟುಮಾಡಬಲ್ಲವು. ಕಲ್ಲುಹೂವುಗಳೂ ಆಕ್ಸಾಲಿಕ್ ಆಮ್ಲ ಸ್ರವಿಸುತ್ತವೆ. ಅಭಿಷೇಕದ ನಂತರ ಧಾರಾಳ ನೀರಿನಿಂದ ಪೂರ್ತಿ ತೊಳೆಯುವುದು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಅಗತ್ಯ.

ಊರಿನ ಬಸದಿಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಮೃತಶಿಲೆ ಗ್ರಾನೈಟಿನಂತಲ್ಲ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆ, ಹುಣಸೆ, ಮೊಸರು, ಅಂಗಡಿಯ ಟೈಲ್ಸ್ ಆಸಿಡ್ ಯಾವುದು ತಾಗಿದರೂ ಕಾರ್ಬೊನೇಟ್ ಮುರಿದು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ, ಮೆರುಗು ಮಾಸುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಪಂಚಲೋಹದಲ್ಲಿರುವುದು ಲೋಹೀಯ ಬಂಧ: ಧನ ಅಯಾನುಗಳ ನಡುವೆ ಎಲ್ಲರಿಗೂ ಸೇರಿದ ಎಲೆಕ್ಟ್ರಾನುಗಳ ಹರಿವು. ಹುಣಸೆಹಣ್ಣು ಅದರ ಮೇಲಿನ ಆಕ್ಸೈಡ್ ಪದರವನ್ನು ಕರಗಿಸಿ ಹೊಳಪು ಕೊಡುತ್ತದೆ. ಆದರೆ ಆ ಪದರದಲ್ಲಿದ್ದದ್ದು ವಿಗ್ರಹದ್ದೇ ಲೋಹ. ನೂರಾರು ಸಲ ತಿಕ್ಕಿದರೆ ಪೀಠದ ಶಾಸನದ ಅಕ್ಷರ, ಮುಖದ ಗೆರೆ ಸವೆಯುತ್ತವೆ. ಹಳೆಯ ವಿಗ್ರಹಗಳಿಗೆ ಶುದ್ಧ ನೀರು, ಮೃದು ಬಟ್ಟೆ ಸಾಕು. ಅದಕ್ಕೂ ಮೀರಿದ್ದು ಬೇಕಾದರೆ ಸಂರಕ್ಷಣೆ ಬಲ್ಲವರನ್ನು ಕೇಳಬೇಕು.

ನೆನಪಿಡಬೇಕಾದ ಅಂಶಗಳು

- ಪಠ್ಯದಲ್ಲಿ ಪರಮಾಣು ಬೇರೆ, ಅಣು ಬೇರೆ. ಶಾಸ್ತ್ರದ ಪರಮಾಣುವಿಗೂ ರಸಾಯನಶಾಸ್ತ್ರದ ಪರಮಾಣುವಿಗೂ ಹೆಸರು ಒಂದೇ, ಅರ್ಥ ಬೇರೆ.
- ಎಲೆಕ್ಟ್ರಾನ್ ಹಂಚಿಕೊಂಡರೆ ಸಹವೇಲೆನ್ಸೀಯ ಬಂಧ, ಕೊಟ್ಟು ತೆಗೆದುಕೊಂಡರೆ ಅಯಾನಿಕ ಬಂಧ.
- ಇಲ್ಲಿ ಹೇಳಿದ ಹೈಡ್ರೋಜನ್ ಬಂಧ ನೀರಿನ ಅಣುವಿನ ಒಳಗಿನದಲ್ಲ. ಅಣು ಅಣುಗಳ ನಡುವಿನದು. ಡಿಎನ್‌ಎ, ಪ್ರೋಟೀನಿನಂಥ ದೊಡ್ಡ ಅಣುಗಳಲ್ಲಿ ಒಂದೇ ಅಣುವಿನ ಎರಡು ಭಾಗಗಳ ನಡುವೆಯೂ ಇದು ಉಂಟಾಗಬಹುದು.
- ಕರಗುವುದು, ಕುದಿಯುವುದು ಎಂದರೆ ಎಲ್ಲ ಬಂಧವೂ ಮುರಿಯಿತು ಎಂದಲ್ಲ. ಯಾವುದು ಮುರಿಯಿತು ಎಂದು ಕೇಳಿಕೊಳ್ಳಬೇಕು.
- ಬಂಧ ಮುರಿಯಲು ಶಕ್ತಿ ಬೇಕು. ಬಂಧವಾದಾಗ ಶಕ್ತಿ ಬರುತ್ತದೆ.
- ಧಾತುಗಳು ಒಂದೇ ಆದರೂ ಬಂಧ ಬೇರೆಯಾದರೆ ವಸ್ತು ಬೇರೆ: ಅನ್ನ ಮತ್ತು ಹುಲ್ಲು ಇದಕ್ಕೆ ಸಾಕ್ಷಿ.